ತೊಳೆದಿಟ್ಟ ಬಾಟಲಿ

ಅತ್ತಿಗೆ ಕೆಲಸ ಮಾಡುವುದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಮಾಡಿ ಮುಗಿಸಿದ್ದನ್ನು ಮಾತ್ರ ಎಲ್ಲರೂ ಕಂಡಿದ್ದರು. ಯಾರಾದರೂ ಬಾಗಿಲು ತಟ್ಟುವ ಹೊತ್ತಿಗೆ ಒರೆಸಿದ ನೆಲ ಆರಿರುತ್ತಿತ್ತು, ಒರೆಸಿದ ಬಟ್ಟೆ ಹಿತ್ತಲ ತಂತಿಯ ಮೂಲೆ ಸೇರಿರುತ್ತಿತ್ತು, ಅವಳ ಸೆರಗು ಸೊಂಟದಿಂದ ಇಳಿದು ಹೆಗಲಿಗೆ ಬಂದಿರುತ್ತಿತ್ತು. ಮದುವೆಗೆ ಮುಂಚೆ ಅವಳ ತಾಯಿ ಕಲಿಸಿದ್ದೇ ಅದು. ಬಂದವರಿಗೆ ಮನೆ ಕಾಣಬೇಕು, ಮನೆಗೆಲಸ ಕಾಣಬಾರದು.

ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕಿದ್ದದ್ದು ಒಬ್ಬಳಿಗೆ, ಗಂಡನ ತಂಗಿಗೆ. ಆದರೆ ಆ ನಾದಿನಿಯ ಗಂಟಲು ಎಂಥದ್ದೆಂದರೆ, ಅವಳು ಕರೆದ ಹೆಸರು ಹಾಲು ಹಾಕುವವನಿಗೂ ಔಷಧಿ ಅಂಗಡಿಯವನಿಗೂ ಅಂಟಿಕೊಂಡುಬಿಟ್ಟಿತ್ತು. ಕೊನೆಗೆ ಪಕ್ಕದ ಮನೆಯ ಅಜ್ಜಿ ಕೂಡ, ವಯಸ್ಸಿನಲ್ಲಿ ಇವಳ ತಾಯಿಗಿಂತ ದೊಡ್ಡವಳು, "ಅತ್ತಿಗೇ, ಸ್ವಲ್ಪ ಸಕ್ಕರೆ ಇದ್ಯಾ?" ಎಂದು ಬರುತ್ತಿದ್ದಳು.

ನಾದಿನಿ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಳು. ಮನೆಯಲ್ಲೂ ಅವಳಿಗೆ ಅದೇ ಹೆಸರು, ಕಂಡಕ್ಟರು. ಮದುವೆಯ ಮಾತೆತ್ತಿದವರಿಗೆಲ್ಲ, "ಒಬ್ಬನಿಗೆ ಸೀಟು ಕೊಟ್ರೆ ಉಳಿದೋರು ಜಗಳ ಆಡ್ತಾರೆ, ಎಲ್ರೂ ನಿಂತ್ಕೊಂಡೇ ಬರ್ಲಿ" ಎಂದು ಹೇಳಿ ಕಳಿಸಿದ್ದಳು. ಡ್ಯೂಟಿ ಮುಗಿಸಿ ಬಂದರೆ ನೇರ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಹತ್ತಿ ಕುಳಿತು, ಅಂದು ಬಸ್ಸಿನಲ್ಲಿ ಯಾರು ಯಾರ ಕಾಲು ತುಳಿದರು, ಯಾರು ಯಾರ ಹೆಗಲ ಮೇಲೆ ನಿದ್ದೆ ಹೋದರು ಎಂಬುದನ್ನೆಲ್ಲ ಅತ್ತಿಗೆಯ ಮುಂದೆ ಸುರಿಯುತ್ತಿದ್ದಳು. ಅತ್ತಿಗೆ ನಗುತ್ತ ಕಟ್ಟೆ ಒರೆಸುತ್ತಿದ್ದಳು. "ನನ್ನನ್ನೂ ಒರೆಸಿ ತೆಗೆದುಬಿಡ್ತೀಯ ನೀನು, ಫಿನಾಯಿಲ್ ಮಹಾರಾಣಿ" ಎಂದು ಕಂಡಕ್ಟರು ಕಾಲೆತ್ತಿ ಜಾಗ ಬಿಡುತ್ತಿದ್ದಳು. ಆ ಮನೆಯಲ್ಲಿ ಅತ್ತಿಗೆ ಕೆಲಸ ಮಾಡುವಾಗ ಜೊತೆಗಿದ್ದು ನೋಡಿದವಳು ಇವಳೊಬ್ಬಳೇ. ಸಹಾಯ ಮಾಡುತ್ತಿದ್ದಳೆಂದಲ್ಲ, ನೋಡುತ್ತಿದ್ದಳು.

ಕಾಯಿಲೆ ಬೆರಳುಗಳಿಂದ ಶುರುವಾಯಿತು. ಟಿಕೆಟ್ ಕಟ್ಟು ಕೈಜಾರಿ ಬೀಳತೊಡಗಿತು. ಆಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ನರಗಳು ಸೋಲುತ್ತಿವೆ, ಸ್ನಾಯುಗಳಿಗೆ ಬಲ ಬರುವುದಿಲ್ಲ ಎಂದರು. ಒಂದು ದಿನ ಉಸಿರೂ ಸೋತಿತು. ಆಸ್ಪತ್ರೆಯಲ್ಲಿ ಕುತ್ತಿಗೆಗೆ ತೂತು ಮಾಡಿ ಕೊಳವೆ ಇಟ್ಟು, ಅದನ್ನು ಉಸಿರಾಡಿಸುವ ಯಂತ್ರಕ್ಕೆ ಜೋಡಿಸಿದರು. ಬೀದಿಯನ್ನೆಲ್ಲ ತುಂಬುತ್ತಿದ್ದ ಆ ಗಂಟಲು ಅಲ್ಲಿಗೆ ನಿಂತಿತು.

ತಿಂಗಳುಗಟ್ಟಲೆ ಐಸಿಯುವಿನಲ್ಲಿ ಇಟ್ಟುಕೊಂಡ ಮೇಲೆ, ಇನ್ನು ಮನೆಯಲ್ಲೇ ನೋಡಿಕೊಳ್ಳಬಹುದು ಎಂದರು. ಸೂಟ್‌ಕೇಸಿನಷ್ಟು ಯಂತ್ರ, ಒಂದು ಹಾಸಿಗೆ, ಕಫ ಎಳೆಯುವ ಇನ್ನೊಂದು ಪುಟ್ಟ ಯಂತ್ರ. "ಮನೇಲಿ ಯಾರು ಕಲಿತ್ಕೋತೀರ?" ಎಂದು ನರ್ಸ್ ಕೇಳಿದಳು. ಗಂಡ ಅತ್ತೆಯ ಮುಖ ನೋಡಿದ, ಅತ್ತೆ ಸೊಸೆಯ ಮುಖ ನೋಡಿದಳು. ಅತ್ತಿಗೆ ಆಗಲೇ ಬೇಸಿನ್ನಿನಲ್ಲಿ ಕೈ ತೊಳೆಯುತ್ತಿದ್ದಳು.

ಕೆಮ್ಮುವ ಶಕ್ತಿ ಇಲ್ಲದವರ ಕಫ ತಾನಾಗಿ ಹೊರಗೆ ಬರುವುದಿಲ್ಲ. ಕುತ್ತಿಗೆಯ ಕೊಳವೆಯೊಳಗೆ ಸಣ್ಣ ನಳಿಕೆ ಇಳಿಸಿ, ಯಂತ್ರ ಹಾಕಿ, ಎಳೆದು ತೆಗೆಯಬೇಕು. ತೆಗೆದದ್ದು ಪಾರದರ್ಶಕ ಬಾಟಲಿಯೊಂದಕ್ಕೆ ಬಂದು ಬೀಳುತ್ತದೆ. ದಿನಕ್ಕೆ ಇಷ್ಟು ಸಲ ಎಂದು ಲೆಕ್ಕವಿಲ್ಲ, ಉಸಿರು ಗೊರಗೊರ ಎಂದಾಗೆಲ್ಲ. ಅತ್ತಿಗೆ ಅಡುಗೆಮನೆಯಲ್ಲಿ ಒಗ್ಗರಣೆಯ ಚಟಪಟದ ನಡುವೆಯೂ ಆ ಗೊರಗೊರವನ್ನು ಹಿಡಿದು ಓಡಿ ಬರುತ್ತಿದ್ದಳು. ಕಂಡಕ್ಟರು ತುಟಿ ಆಡಿಸಿ ಅಪ್ಪಣೆ ಕೊಡುತ್ತಿದ್ದಳು. ನಳಿಕೆ ಇಳಿಸಲು "ರೈಟ್", ಸಾಕು ಎನ್ನಲು "ಹೋಲ್ಡಾನ್". ದನಿಯಿಲ್ಲದ ಆ ತುಟಿಗಳನ್ನು ಓದಲು ಬರುತ್ತಿದ್ದದ್ದು ಅತ್ತಿಗೆಗೆ ಮಾತ್ರ. ಅಣ್ಣ ಬಗ್ಗಿ ನೋಡಿ ನೋಡಿ, "ಏನು? ನೀರಾ? ಫ್ಯಾನಾ?" ಎಂದು ಸೋಲುತ್ತಿದ್ದ. "ನಿಮ್ಮ ಶರ್ಟಿನ ಗುಂಡಿ ಮೇಲೆ ಕೆಳಗೆ ಆಗಿದೆ ಅಂತಿದ್ದಾಳೆ" ಎಂದು ಅತ್ತಿಗೆ ಹೇಳಿದಾಗ ಹಾಸಿಗೆಯ ಮೇಲಿನ ಕಣ್ಣುಗಳು ನಗುತ್ತಿದ್ದವು.

ಗುರುವಾರ ಗುರುವಾರ ಡಾಕ್ಟರು ಮನೆಗೆ ಬರುತ್ತಿದ್ದರು. ವಯಸ್ಸಾದವರು, ಮೆಟ್ಟಿಲು ಹತ್ತಿ ಬಂದು ತಮ್ಮ ಉಸಿರನ್ನೇ ಮೊದಲು ಸರಿಮಾಡಿಕೊಳ್ಳುವಂಥವರು. ಗುರುವಾರ ಬೆಳಿಗ್ಗೆ ಮನೆಯಲ್ಲಿ ನೆಂಟರು ಬರುವ ದಿನದ ಗಡಿಬಿಡಿ. ಅತ್ತೆ ಕುರ್ಚಿಯಲ್ಲಿ ಕುಳಿತೇ ಶುರು ಮಾಡುತ್ತಿದ್ದಳು, "ಆ ಬಾಟ್ಲಿ ನೋಡಕ್ಕಾಗಲ್ಲ. ಡಾಕ್ಟ್ರ ಎದುರಿಗೆ ಹಾಗೇ ಇಡ್ತೀಯೇನೆ? ನಮ್ಮನೆ ಅಂದ್ರೆ ಏನಂದ್ಕೋಬೇಕು ಅವ್ರು?" ಹೇಳಬೇಕಾದ ಅಗತ್ಯವಿರಲಿಲ್ಲ. ಅತ್ತಿಗೆ ಅಷ್ಟು ಹೊತ್ತಿಗೆ ಕಂಡಕ್ಟರಿಗೆ ಬಿಸಿನೀರಿನಲ್ಲಿ ಮೈ ಒರೆಸಿ, ಜಡೆ ಹಾಕಿ, ಎದೆಯೊಳಗಿನ ಕಫವನ್ನೆಲ್ಲ ಕೊನೆಯ ಎಳೆಯವರೆಗೂ ಎಳೆದು ತೆಗೆದು, ಬಾಟಲಿ ತೊಳೆದು ಬಿಸಿಲಿಗೆ ಹಿಡಿದು ಪರೀಕ್ಷಿಸಿ, ಅದರ ಜಾಗದಲ್ಲಿ ಕೂರಿಸಿರುತ್ತಿದ್ದಳು. ಬಾಟಲಿ ಷೋಕೇಸಿನ ಲೋಟದಂತೆ ಫಳಫಳ ಎನ್ನುತ್ತಿತ್ತು.

ಡಾಕ್ಟರು ಬಂದರೆ ಹಾಸಿಗೆಯ ಪಕ್ಕ ನಿಲ್ಲುವವನು ಗಂಡ. ಮೀಟರ್ ಓದುವವನಿಗಾಗಲಿ ಗ್ಯಾಸಿನವನಿಗಾಗಲಿ ಉತ್ತರ ಕೊಡುವವನು ಅವನೇ, ಹಾಗೆಯೇ ಡಾಕ್ಟರಿಗೂ. ಅತ್ತಿಗೆ ಒಳಗೆ ಟೀ ಮಾಡುತ್ತಿದ್ದಳು. "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರ್ರೀ. ನಮ್ಮ ಐಸಿಯು ಹೀಗಿರಲ್ಲ" ಎಂದು ಡಾಕ್ಟರು ಹೊಗಳಿದರೆ ಗಂಡ, "ಏನೋ ನಮ್ಮ ಕೈಲಾದಷ್ಟು" ಎನ್ನುತ್ತಿದ್ದ. ಕೈ ಯಾರದ್ದು ಎಂದು ಕೇಳುವವರಿರಲಿಲ್ಲ. ಕಂಡಕ್ಟರು ಮಾತ್ರ ಅಡುಗೆಮನೆಯ ಕಡೆ ಕಣ್ಣು ಹೊರಳಿಸಿ ಹುಬ್ಬು ಹಾರಿಸುತ್ತಿದ್ದಳು. ಒಮ್ಮೆ ಡಾಕ್ಟರು ಮುಚ್ಚಳವಿದ್ದ ಪುಟ್ಟ ಡಬ್ಬಿಯೊಂದನ್ನು ಕೊಟ್ಟು, ಕಫದ ಬಣ್ಣ ಬದಲಾದರೆ ಇದರಲ್ಲಿ ಹಿಡಿದು ಲ್ಯಾಬಿಗೆ ಕಳಿಸಿ ಎಂದಿದ್ದರು. ಹೇಳಿದ್ದು ಗಂಡನಿಗೆ. ಅವನು ಅದನ್ನು ಬೀರುವಿನ ಮೇಲಿಟ್ಟ. ಅದೇಕೆ ಅಲ್ಲಿದೆ ಎಂದು ತಿಳಿಯದ ಅತ್ತಿಗೆ ವಾರಕ್ಕೊಮ್ಮೆ ಧೂಳು ಒರೆಸಿ ಅಲ್ಲೇ ಇಡುತ್ತಿದ್ದಳು.

ಬಾಟಲಿಯಲ್ಲಿ ಬೀಳುತ್ತಿದ್ದದ್ದು ಯಾವಾಗಲೂ ಬಿಳಿ ನೊರೆ. ಒಂದು ದಿನ ಅದರಲ್ಲಿ ಹಳದಿ ಛಾಯೆ ಕಂಡಿತು. ಬೆಳಕಿನ ಆಟವಿರಬೇಕು ಎಂದುಕೊಂಡಳು. ಮರುದಿನ ಬೆಳಕು ಎತ್ತಿಂದೆತ್ತ ಬಿದ್ದರೂ ಹಳದಿಯೇ. ಕಫ ದಪ್ಪಗಾಯಿತು, ನಳಿಕೆಗೆ ಅಂಟಿಕೊಳ್ಳತೊಡಗಿತು. "ಅದೇನೇ ವಾಸನೆ?" ಎಂದು ಅತ್ತೆ ಮೂಗು ಮುಚ್ಚಿಕೊಂಡಳು.

ಆ ಮಾತು ಅತ್ತಿಗೆಗೆ ಚುಚ್ಚಿತು. ಅವಳಿದ್ದ ಮನೆಯಲ್ಲಿ ವಾಸನೆ. ತನ್ನ ಕೈಯಲ್ಲೇ ಎಲ್ಲೋ ತಪ್ಪಿದೆ, ನಳಿಕೆಯ ಒಳಗೆ ಪಾಚಿ ಕಟ್ಟಿರಬೇಕು, ಬಾಟಲಿಯ ತಳ ಸರಿಯಾಗಿ ಉಜ್ಜಿಲ್ಲ ಎಂದು ಅವಳ ತಲೆ ಓಡಿದ್ದು ಆ ಕಡೆಗೆ. ಪಾತ್ರೆಯಿಂದ ಮಾಂಸದ ವಾಸನೆಯೋ ಹಾಲು ಒಡೆದ ವಾಸನೆಯೋ ಬಂದರೆ ಪಾತ್ರೆಯನ್ನು ದೂರುತ್ತಾರೆಯೇ, ತೊಳೆದವಳನ್ನು ದೂರುತ್ತಾರೆ. ನೀರು ಕುದಿಸಿದಳು. ಬ್ರಷ್ ಹಾಕಿ ಉಜ್ಜಿದಳು. ಬಾಟಲಿಯಲ್ಲಿ ಬಣ್ಣ ಕಂಡ ಕೂಡಲೇ, ತುಂಬುವವರೆಗೂ ಕಾಯದೆ, ಯಾರ ಕಣ್ಣಿಗೂ ಬೀಳುವ ಮೊದಲೇ ಬಚ್ಚಲಿಗೆ ಒಯ್ದು ಚೆಲ್ಲತೊಡಗಿದಳು. ಭುಜದ ನೋವಿಗೆಂದು ದಿನವೂ ಕೊಡುತ್ತಿದ್ದ ಮಾತ್ರೆಯಿಂದಾಗಿ ಜ್ವರ ತಲೆಯೆತ್ತಲೇ ಇಲ್ಲ. ಕಂಡಕ್ಟರು ಮಾತ್ರ ಬಾಡತೊಡಗಿದಳು. ಹುಬ್ಬು ಹಾರಿಸುವುದು ನಿಂತಿತು.

ಆ ಗುರುವಾರ ಡಾಕ್ಟರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಂದಿಗಿಂತ ಹೆಚ್ಚು ಹೊತ್ತು ಕೇಳಿದರು. "ಬಲಗಡೆ ಏನೋ ಸದ್ದಿದೆ. ಕಫ ಹೇಗೆ ಬರ್ತಾ ಇದೆ?"

"ಏನೂ ತೊಂದ್ರೆ ಇಲ್ಲ ಡಾಕ್ಟ್ರೇ, ಕ್ಲೀನಾಗಿದೆ. ನೋಡಿ" ಎಂದು ಗಂಡ ಬಾಟಲಿ ತೋರಿಸಿದ. ಅವನು ಸುಳ್ಳು ಹೇಳಲಿಲ್ಲ. ಅವನು ಆ ಬಾಟಲಿಯನ್ನು ನೋಡುತ್ತಿದ್ದದ್ದು ಗುರುವಾರಗಳಲ್ಲಿ ಮಾತ್ರ, ಅದೂ ಡಾಕ್ಟರು ಬಂದಾಗ.

ಅತ್ತಿಗೆ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪ್ರಶ್ನೆ ಕೇಳಿಸಿತು, ಉತ್ತರವೂ ಕೇಳಿಸಿತು. ಬೆಳಿಗ್ಗೆ ತಾನೇ ಬಚ್ಚಲಿಗೆ ಚೆಲ್ಲಿದ್ದು ಕಣ್ಣ ಮುಂದೆ ಬಂತು. ಹೇಳಬೇಕು. ಆದರೆ ಏನೆಂದು? ನಿಮಗಾಗಿ ತೊಳೆದಿಟ್ಟಿದ್ದೇನೆ, ತೊಳೆಯುವ ಮೊದಲು ಗಲೀಜಾಗಿತ್ತು ಎಂದೇ? ಗಂಡನ ಮಾತಿನ ಮೇಲೆ ಮಾತಾಡಿ, ಅತ್ತೆಯ ಎದುರಿಗೆ, ಐಸಿಯುಗಿಂತ ಚೆನ್ನಾಗಿಟ್ಟಿದ್ದೀರಿ ಎಂದವರ ಮುಖ ನೋಡಿ? ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಟೀ ಆರಿಹೋಗುತ್ತೆ, ತಗೊಂಡು ಬಾ" ಎಂದಳು. ಲೋಟಗಳು ತುಂಬಿದ್ದವು. ಸಾಸರಿಗೆ ಚೆಲ್ಲದ ಹಾಗೆ, ಟ್ರೇ ಮೇಲೆಯೇ ಕಣ್ಣಿಟ್ಟು, ಅವಳು ನಡೆದು ಬಂದಳು. ಡಾಕ್ಟರು ಟೀ ಕುಡಿದರು. ತಲೆಯ ಕಡೆ ಸ್ವಲ್ಪ ಎತ್ತರಿಸಿ ಮಲಗಿಸಿ, ಪಕ್ಕ ಬದಲಾಯಿಸುತ್ತಿರಿ ಎಂದು ಹೇಳಿ ಮೆಟ್ಟಿಲಿಳಿದರು.

ಭಾನುವಾರ ಮಧ್ಯಾಹ್ನ ಉಸಿರಿನ ಯಂತ್ರದ ಅಲಾರಂ ಬಡಿದುಕೊಳ್ಳತೊಡಗಿತು. ಎಷ್ಟು ಕಫ ಎಳೆದರೂ ನಿಲ್ಲಲಿಲ್ಲ. ಕಂಡಕ್ಟರ ತುಟಿಗಳು ನೀಲಿಗಟ್ಟಿದವು. ಆಂಬುಲೆನ್ಸ್ ಬಂತು. ಗಂಡ ಜೊತೆಗೆ ಹತ್ತಿದ, ಅತ್ತೆ ಮುಂದಿನ ಸೀಟಿನಲ್ಲಿ ಕುಳಿತಳು. ಅತ್ತಿಗೆಗೆ ಜಾಗವಿರಲಿಲ್ಲ. "ನೀನು ಮನೆ ನೋಡ್ಕೋ" ಎಂದ ಗಂಡ.

ಅವಳು ಮನೆ ನೋಡಿಕೊಂಡಳು. ಖಾಲಿ ಹಾಸಿಗೆಯ ಮುಂದೆ ಒಂದು ಗಳಿಗೆ ನಿಂತಳು. ಕಣ್ಣು ತುಂಬಿ ಬರುವ ಮೊದಲೇ ಅವಳ ಕೈ ಹೊದಿಕೆ ಎಳೆದಾಗಿತ್ತು. ದುಃಖಕ್ಕಾಗಲಿ ಗಾಬರಿಗಾಗಲಿ ಅವಳ ಮೈಗೆ ಗೊತ್ತಿದ್ದ ದಾರಿ ಅದೊಂದೇ. ಹೊದಿಕೆ ನೆನೆಹಾಕಿದಳು, ನೆಲಕ್ಕೆ ಬಿದ್ದ ಹತ್ತಿ, ಹರಿದ ಪ್ಯಾಕೆಟ್ಟು ಎಲ್ಲ ಗುಡಿಸಿದಳು. ಬಾಟಲಿಯಲ್ಲಿ ಹಸಿರು ಬೆರೆತ ಹಳದಿ ಕಾಲುಭಾಗ ತುಂಬಿತ್ತು. ಅದನ್ನು ಬಚ್ಚಲಿಗೆ ಸುರಿದು, ಕುದಿನೀರು ಹೊಯ್ದು, ನಳಿಕೆಗಳನ್ನೆಲ್ಲ ಉಜ್ಜಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದಳು. ಕಂಡಕ್ಟರು ಮನೆಗೆ ಬಂದರೆ ಎಲ್ಲ ಸಿದ್ಧವಿರಬೇಕಲ್ಲ.

ಆಗ ಫೋನ್ ಬಂತು. ಗಂಡನ ದನಿ ಬೇರೆಯಾಗಿತ್ತು. "ಇಲ್ಲಿ ಡಾಕ್ಟ್ರು ಕೇಳ್ತಿದ್ದಾರೆ, ಕಫ ಯಾವ ಬಣ್ಣ ಇತ್ತು ಅಂತ. ನಾನು ಬಿಳಿ ಅಂದೆ. ಆಂಬುಲೆನ್ಸಲ್ಲಿ ಬಂದಿದ್ದು ಬಿಳಿ ಇರ್ಲಿಲ್ಲ ಅಂತಾರೆ. ಮನೇಲಿ ಬಾಟ್ಲಿ ಹಾಗೇ ಇದ್ಯಾ?"

"ತೊಳೆದೆ."

"ಯಾವಾಗ?"

"ಈಗ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹಳದಿ ಇತ್ತು. ಹಿಂದಿನ ಸೋಮವಾರದಿಂದ. ಆಮೇಲೆ ಹಸಿರು."

"ಗುರುವಾರ?"

"ಗುರುವಾರಾನೂ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ನಿಮ್ಮನ್ನ ಕೇಳಿದ್ರು" ಎಂದಳು ಅತ್ತಿಗೆ.

ಅವಳು ಮನೆಗೆ ಬೀಗ ಹಾಕಿ ಬಸ್ ಹಿಡಿದಳು. ನೆನೆಹಾಕಿದ ಹೊದಿಕೆ ಬಕೆಟ್ಟಿನಲ್ಲೇ ಉಳಿಯಿತು.

ಐಸಿಯುವಿನ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿ ಒಂದೊಂದಾಗಿ ಕೇಳಿದಳು. ಬಣ್ಣ, ದಪ್ಪ, ವಾಸನೆ, ಎಷ್ಟು ಸಲ, ಯಾವ ಮಗ್ಗುಲಲ್ಲಿ ಮಲಗಿದಾಗ ಹೆಚ್ಚು. ಅತ್ತಿಗೆ ಹೇಳುತ್ತ ಹೋದಳು. ಇದುವರೆಗೂ ಯಾರೂ ಅವಳ ಕೆಲಸದ ಬಗ್ಗೆ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದು ಇಂಥ ದಿನ.

"ಮೆಷಿನ್ ಮೇಲೆ ಇರೋರಿಗೆ ನ್ಯುಮೋನಿಯ ಆಗಿದೆಯೋ ಇಲ್ವೋ ಅಂತ ಹೇಳೋದೇ ಕಷ್ಟ ಕಣ್ರೀ" ಎಂದಳು ಡಾಕ್ಟರಮ್ಮ. "ಎಕ್ಸ್‌ರೇಲಿ ಬೆಳ್ಳಗೆ ಕಂಡ್ರೆ ಅದು ನೀರು ಇರಬಹುದು, ಕಫ ಕಟ್ಕೊಂಡು ಶ್ವಾಸಕೋಶದ ಒಂದು ಮೂಲೆ ಮುದುಡಿದ್ದೂ ಇರಬಹುದು. ಕೊಳವೆ ಇರೋರ ಕಫದಲ್ಲಿ ಕ್ರಿಮಿ ಯಾವಾಗ್ಲೂ ಇರುತ್ತೆ, ಸಿಕ್ಕಿದ ತಕ್ಷಣ ಅದೇ ಕಾಯಿಲೆ ಅನ್ನಕ್ಕಾಗಲ್ಲ. ನಿನ್ನೆ ಹೇಗಿತ್ತು, ಇವತ್ತು ಏನು ಬದಲಾಯ್ತು, ಅದೇ ನಮಗೆ ದಾರಿ. ಅದನ್ನ ದಿನಾ ನೋಡಿದೋರೇ ಹೇಳ್ಬೇಕು. ಅವರ ಬಿ.ಪಿ. ಬಿದ್ದಿತ್ತು, ಕಾಯಕ್ಕೆ ಟೈಮಿರ್ಲಿಲ್ಲ, ಔಷಧಿ ಶುರು ಮಾಡಿದ್ದೀವಿ. ನೀವು ಹೇಳಿದ ಮೇಲೆ ಧೈರ್ಯ ಬಂತು, ಸರಿಯಾದದ್ದನ್ನೇ ಕೊಡ್ತಿದ್ದೀವಿ ಅಂತ."

"ಗುರುವಾರಾನೇ ಹೇಳಿದ್ರೆ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ಗೊತ್ತಿಲ್ಲ" ಎಂದಳು. "ಮೂರು ದಿನ ಮುಂಚೆ ಸಿಗ್ತಿತ್ತು ನಮಗೆ. ಅದು ಸಾಕಾಗ್ತಿತ್ತೋ ಇಲ್ವೋ, ನಿಜವಾಗ್ಲೂ ಗೊತ್ತಿಲ್ಲ."

ಬೈದಿದ್ದರೆ ಅತ್ತಿಗೆಗೆ ಎಷ್ಟೋ ಹಗುರವಾಗುತ್ತಿತ್ತು. ಕಾರಿಡಾರಿನಲ್ಲಿ ಗಂಡ ಗೋಡೆಗೆ ಹಣೆಯೊತ್ತಿ ಅಳುತ್ತಿದ್ದ. ಅವನು ಅಳುವುದನ್ನು ಅವಳು ಮೊದಲ ಸಲ ನೋಡಿದ್ದು. ಹತ್ತಿರ ಹೋಗಿ ನಿಂತಳು.

ಎರಡು ದಿನದ ಮೇಲೆ ಕಂಡಕ್ಟರಿಗೆ ಎಚ್ಚರ ಬಂತು. ಒಬ್ಬರನ್ನು ಒಳಗೆ ಬಿಡುತ್ತೇವೆ ಎಂದರು. ಗಂಡ ಎದ್ದವನು ಹೆಂಡತಿಯ ಕಡೆ ತಿರುಗಿ, "ನೀನು ಹೋಗು. ನನಗೆ ಅವಳ ಮಾತು ಗೊತ್ತಾಗಲ್ಲ" ಎಂದ.

ಕಂಡಕ್ಟರ ಮುಖ ಊದಿತ್ತು, ಜಡೆ ಬಿಚ್ಚಿ ಹೋಗಿತ್ತು. ಅತ್ತಿಗೆಯನ್ನು ಕಂಡು ಕಣ್ಣು ಸ್ವಲ್ಪ ಅಗಲವಾಯಿತು. ಅತ್ತಿಗೆ ಅವಳ ಕೈ ಹಿಡಿದು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದದ್ದನ್ನೆಲ್ಲ ಮರೆತು, "ಅವತ್ತು ನಾನು ಹೇಳ್ಬೇಕಿತ್ತು ಕಣೇ" ಎಂದಳು.

ಕಂಡಕ್ಟರ ತುಟಿ ಆಡಿತು. ನಿಧಾನವಾಗಿ, ಸುಸ್ತಿನ ನಡುವೆ ನಿಂತು ನಿಂತು.

ನಾನು ಹೇಳಿದೆ.

"ಏನು?"

ಅವತ್ತು. ಹಳದಿ ಅಂತ. ಎದೆ ಭಾರ ಅಂತ. ಎರಡು ಸಲ ಹೇಳಿದೆ. ಅಣ್ಣ ಡಾಕ್ಟ್ರನ್ನ ನೋಡ್ತಿದ್ದ. ನೀನು ಟ್ರೇ ನೋಡ್ತಿದ್ದೆ.

ಅತ್ತಿಗೆಯ ಕೈ ಅಲ್ಲೇ ನಿಂತಿತು. ಇಡೀ ಮನೆಯಲ್ಲಿ ಆ ತುಟಿಗಳನ್ನು ಓದಬಲ್ಲ ಕಣ್ಣು ಒಂದು ಜೊತೆ. ಆ ಹೊತ್ತಿನಲ್ಲಿ ಅದು ಟೀ ಚೆಲ್ಲದಂತೆ ಕಾಯುತ್ತಿತ್ತು. ಅವಳು ಅತ್ತಳು, ಸೆರಗು ಬಾಯಿಗೆ ತುರುಕಿಕೊಂಡು, ಯಂತ್ರಗಳ ಸದ್ದಿನಲ್ಲಿ ಸದ್ದು ಸೇರದ ಹಾಗೆ.

ಅಳಬೇಡ್ವೇ, ಫಿನಾಯಿಲ್, ಎಂದವು ತುಟಿಗಳು. ನೆಲ ಒದ್ದೆ ಆಗುತ್ತೆ. ಯಾರಾದ್ರೂ ಜಾರ್ತಾರೆ.

ಅತ್ತಿಗೆ ಅಳುತ್ತಲೇ ನಕ್ಕಳು. ಕಂಡಕ್ಟರು ಕಣ್ಣು ಮುಚ್ಚಿಕೊಂಡಳು. ಮತ್ತೆ ಎಚ್ಚರವಾದಾಗ ಯಾರನ್ನೂ ಗುರುತಿಸಲಿಲ್ಲ. ಆ ವಾರ ಕಳೆಯುವುದರೊಳಗೆ ಅವಳ ಮೂತ್ರಪಿಂಡಗಳು ಕೈಬಿಟ್ಟವು, ಆಮೇಲೆ ಹೃದಯ. ಯಂತ್ರ ಮಾತ್ರ ಉಸಿರಾಡುತ್ತಲೇ ಇತ್ತು, ಡಾಕ್ಟರಮ್ಮ ಬಂದು ನಿಲ್ಲಿಸುವವರೆಗೂ.

ಮಾತನಾಡಿಸಲು ಜನ ಬಂದರು. ಡಿಪೋದವರು, ಬೀದಿಯವರು, ಪಕ್ಕದ ಮನೆಯ ಅಜ್ಜಿ. ಕುರ್ಚಿ ಸಾಲದೆ ಚಾಪೆ ಹಾಸಿದರು. ವಯಸ್ಸಾದ ಡಾಕ್ಟರೂ ಬಂದು, ಏದುಸಿರು ಬಿಡುತ್ತ ಮೂಲೆಯಲ್ಲಿ ಕುಳಿತರು. ಹಾಸಿಗೆ ತೆಗೆದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಎಲ್ಲರಿಗೂ ಒಂದೇ ಪ್ರಶ್ನೆ, ಹೇಗಾಯಿತು ಎಂದು. ಗಂಡ ಎಲ್ಲರಿಗೂ ಅದೇ ಉತ್ತರ ಕೊಡುತ್ತಿದ್ದ. "ನಾವೇನೂ ಕಮ್ಮಿ ಮಾಡ್ಲಿಲ್ಲ. ಡಾಕ್ಟ್ರೇ ಹೇಳ್ತಿದ್ರು, ಐಸಿಯುಗಿಂತ ಚೆನ್ನಾಗಿ ಇಟ್ಕೊಂಡಿದ್ದೀರಿ ಅಂತ. ಕೊನೇವರೆಗೂ ಎಲ್ಲಾ ಕ್ಲೀನಾಗೇ ಇತ್ತು. ಇದ್ದಕ್ಕಿದ್ದ ಹಾಗೆ ಆಗಿಹೋಯ್ತು."

ಅತ್ತಿಗೆ ಬಾಗಿಲಲ್ಲಿದ್ದಳು, ಬಂದವರಿಗೆ ಟೀ ತಂದು. ಗಂಡ ಮೋಸದಿಂದ ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆಂಡತಿಯ ಮೇಲೆ ಮಾತು ಬರದಿರಲಿ ಎಂದೇ ಹೇಳುತ್ತಿದ್ದನೋ ಏನೋ. ಇನ್ನೂ ಎರಡು ಸಲ ಹೇಳಿದರೆ ಅದೇ ನಿಜವಾಗಿಬಿಡುತ್ತದೆ. ಕಂಡಕ್ಟರು ಹೇಳಿದ್ದು ಯಾರಿಗೂ ಗೊತ್ತಿಲ್ಲದೆ ಹೋಗುತ್ತದೆ.

"ಇದ್ದಕ್ಕಿದ್ದ ಹಾಗೆ ಆಗ್ಲಿಲ್ಲ" ಎಂದಳು.

ಅವಳ ದನಿಯನ್ನು ಆ ಕೋಣೆಯಲ್ಲಿ ಬಂದವರ ಎದುರು ಕೇಳಿದವರೇ ಇರಲಿಲ್ಲ. ಗಂಡ ತಲೆ ತಗ್ಗಿಸಿದ.

"ಹಳದಿ ಬರ್ತಿತ್ತು. ಡಾಕ್ಟ್ರು ಬಂದ ದಿನಾನೂ ಬಂದಿತ್ತು. ಅವರು ಬರ್ತಾರೆ ಅಂತ ನಾನು ತೊಳೆದಿಟ್ಟೆ. ಅವಳು ಹೇಳಿದ್ಲು, ಎರಡು ಸಲ. ನಾವು ಯಾರೂ ನೋಡ್ಲಿಲ್ಲ."

ಮೂಲೆಯಲ್ಲಿದ್ದ ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನೂ ನಿಮ್ಮನ್ನ ಕರೆದು ಕೇಳ್ಲಿಲ್ಲಮ್ಮ" ಎಂದರು, ಯಾರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

ಅತ್ತೆ ಗೋಡೆಗೊರಗಿ ಕುಳಿತಿದ್ದಳು. ಈಗ ಬೈಗುಳ ಬರುತ್ತದೆ ಎಂದು ಅತ್ತಿಗೆ ಕಾದಳು. ಬರಲಿ ಎಂದೂ ಅನಿಸಿತು. ಅತ್ತೆ ಬಹಳ ಹೊತ್ತು ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ಚಾಪೆಯ ಮೇಲೆ ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಕೈಯಿಂದ ಒಂದು ಸಲ ತಟ್ಟಿದಳು.

"ಆ ಟ್ರೇ ಯಾರಾದ್ರೂ ಹಿಡ್ಕೊಳ್ಳಿ" ಎಂದಳು. "ಕೂತ್ಕೋ ಬಾ. ಏನೇನು ಹೇಳಿದ್ಲು ನನ್ನ ಮಗಳು? ಒಂದೂ ಬಿಡದೆ ಹೇಳು ನಂಗೆ."

ಅತ್ತಿಗೆ ಕುಳಿತಳು. ಹೇಳತೊಡಗಿದಳು.